ಬಿಸಿಯೂಟದ ಸಾಲಿನಲ್ಲಿ ಅಲರ್ಜಿಯ ಮಗು: ಶಾಲೆಯಲ್ಲಿ ಬೇಕಿರುವುದು ನಿಷೇಧವಲ್ಲ, ಔಷಧ

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ತಟ್ಟೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ತುಂಬಾ ಬದಲಾಗಿದೆ. ಅನ್ನ ಸಾಂಬಾರಿನ ಜೊತೆಗೆ 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಮೊಟ್ಟೆ ಕೊಡಲು ಶುರು ಮಾಡಿ, ಮರುವರ್ಷ ಅದನ್ನು ಉಳಿದ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದಿತ್ತು. 2025ರ ಆರಂಭದಲ್ಲಿ ಚಿಕ್ಕಿಯನ್ನು ಕೈಬಿಟ್ಟಾಗ ಕೊಟ್ಟ ಕಾರಣ ಸಕ್ಕರೆ, ಕೊಬ್ಬು ಮತ್ತು ಸರಿಯಾಗಿ ಸಂಗ್ರಹಿಸಿಡದಿರುವುದು. ಅಲರ್ಜಿ ಅಲ್ಲ.

ಹಾಲು, ಮೊಟ್ಟೆ, ಶೇಂಗಾ. ಅಪೌಷ್ಟಿಕತೆಗೆ ಇವು ಎಷ್ಟು ಒಳ್ಳೆಯ ಮದ್ದೋ, ಆಹಾರದ ಅಲರ್ಜಿ ಇರುವ ಮಗುವಿಗೆ ಅಷ್ಟೇ ಅಪಾಯಕಾರಿ. ಜಗತ್ತಿನ ಯಾವ ದೇಶದ ಅಲರ್ಜಿ ಪಟ್ಟಿ ತೆಗೆದರೂ ಈ ಮೂರೂ ಅದರಲ್ಲಿರುತ್ತವೆ. ಹಾಗೆಂದು ಇವನ್ನು ಶಾಲೆಯಿಂದ ತೆಗೆಯಬೇಕು ಎಂದು ನಾನು ಖಂಡಿತ ಹೇಳುವುದಿಲ್ಲ. ಮೊಟ್ಟೆಯ ವಿಚಾರದಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಜಗಳ ಎಲ್ಲರಿಗೂ ನೆನಪಿದೆ. ಅಲರ್ಜಿಯ ನೆಪ ಮುಂದಿಟ್ಟು ಬಡ ಮಕ್ಕಳ ತಟ್ಟೆಯಿಂದ ಮೊಟ್ಟೆ ಕಸಿಯಲು ಯಾರಾದರೂ ಹೊರಟರೆ ಅದನ್ನು ಗಟ್ಟಿಯಾಗಿ ವಿರೋಧಿಸಬೇಕು. ನನ್ನ ವಾದ ಬೇರೆ. ಎಲ್ಲರಿಗೂ ಊಟ ಹಾಕುವ ವ್ಯವಸ್ಥೆ ಕಟ್ಟಿದ ಮೇಲೆ, ಆ ಊಟ ಒಗ್ಗದ ಒಂದು ಮಗುವಿನ ಉಸಿರು ಸಿಕ್ಕಿಕೊಂಡಾಗ ಮಾಡಬೇಕಾದ್ದನ್ನೂ ಅದೇ ವ್ಯವಸ್ಥೆಯೊಳಗೆ ಸೇರಿಸಬೇಕು. ಆ ಭಾಗ ಇನ್ನೂ ಸೇರಿಲ್ಲ.

ಅಂಥ ಮಕ್ಕಳು ಎಷ್ಟಿದ್ದಾರೆ? ಇದಕ್ಕೆ ನಮ್ಮಲ್ಲೇ ನಡೆದ ಒಳ್ಳೆಯ ಅಧ್ಯಯನವಿದೆ. ಯುರೋಪಿನ ಯುರೋಪ್ರಿವಾಲ್ ಎಂಬ ಆಹಾರ ಅಲರ್ಜಿ ಸಂಶೋಧನಾ ಯೋಜನೆಯ ಭಾಗವಾಗಿ ಚೀನಾ, ಹಾಂಗ್‌ಕಾಂಗ್, ರಷ್ಯಾ ಮತ್ತು ಭಾರತದ ಶಾಲಾ ಮಕ್ಕಳನ್ನು ಪರೀಕ್ಷಿಸಲಾಯಿತು. ಭಾರತದ ಮಕ್ಕಳು ನಮ್ಮ ಬೆಂಗಳೂರು–ಮೈಸೂರು ಭಾಗದವರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಾಂಗ್‌ಕಾಂಗ್‌ನಲ್ಲಿ 1.5% ಮಕ್ಕಳಿಗೆ ಆಹಾರದ ಅಲರ್ಜಿ ಇರುವ ಸಂಭವವಿದ್ದರೆ ಭಾರತದಲ್ಲಿ ಅದು 0.14% ಮಾತ್ರ. ಸಾವಿರ ಮಕ್ಕಳಲ್ಲಿ ಒಬ್ಬರೋ ಇಬ್ಬರೋ. ಅಮೆರಿಕದಲ್ಲಿ ಹದಿಮೂರು ಮಕ್ಕಳಲ್ಲಿ ಒಬ್ಬರಿಗೆ ಎಂಬ ಲೆಕ್ಕ ಹೇಳುತ್ತಾರೆ. ಅದಕ್ಕೆ ಹೋಲಿಸಿದರೆ ನಮ್ಮದು ಬಹಳ ಕಡಿಮೆ.

ಕಡಿಮೆ ಎನ್ನುವುದು ಸಮಾಧಾನದ ವಿಷಯವೇ. ಆದರೆ ಅದರಿಂದ ಒಂದು ತೊಂದರೆಯೂ ಇದೆ. ಸಾವಿರಕ್ಕೊಬ್ಬರೆಂದರೆ ಒಬ್ಬ ಶಿಕ್ಷಕಿ ತನ್ನ ಇಡೀ ವೃತ್ತಿಯಲ್ಲಿ ಅಂಥ ಮಗುವನ್ನು ನೋಡದೆ ಇರಬಹುದು, ಅಥವಾ ಒಮ್ಮೆ ಮಾತ್ರ ನೋಡಬಹುದು. ಆ ಒಮ್ಮೆಯಲ್ಲಿ ಏನು ಮಾಡಬೇಕೆಂಬುದು ಅನುಭವದಿಂದ ಬರುವುದಿಲ್ಲ. ಮೊದಲೇ ಹೇಳಿಕೊಟ್ಟಿರಬೇಕು. ಅಮೆರಿಕದ ತಾಯಿಯೊಬ್ಬಳು ಶಾಲೆಗೆ ಹೋಗಿ ‘ನನ್ನ ಮಗನಿಗೆ ಶೇಂಗಾ ಅಲರ್ಜಿ’ ಎಂದರೆ ಎದುರಿಗಿದ್ದವರಿಗೆ ಥಟ್ಟನೆ ಅರ್ಥವಾಗುತ್ತದೆ. ನಮ್ಮಲ್ಲಿ ‘ಸ್ವಲ್ಪ ಸ್ವಲ್ಪ ತಿನ್ನಿಸಿ, ರೂಢಿಯಾಗುತ್ತೆ’ ಎಂಬ ಉತ್ತರ ಬರುತ್ತದೆ. ಹೇಳುವವರು ಕೆಟ್ಟವರಲ್ಲ, ಮಗು ಎಲ್ಲವನ್ನೂ ತಿನ್ನಲಿ ಎಂಬ ಪ್ರೀತಿಯಿಂದಲೇ ಹೇಳುತ್ತಾರೆ.

ಇನ್ನೊಂದು ಗೊಂದಲವೂ ಇದೆ. ‘ನನಗೆ ಬದನೆಕಾಯಿ ಆಗಲ್ಲ’, ‘ಬದನೆ ನಂಜು’ ಎನ್ನುವವರು ಪ್ರತಿ ಮನೆಯಲ್ಲೂ ಸಿಗುತ್ತಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳೂ ಅಲ್ಲಿನ ವೈದ್ಯರೂ ಸೇರಿ 741 ಜನರಲ್ಲಿ ಬದನೆಯ ಅಲರ್ಜಿಯನ್ನೇ ಹುಡುಕಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬದನೆ ತಿಂದರೆ ತೊಂದರೆಯಾಗುತ್ತದೆ ಎಂದವರು ನೂರಕ್ಕೆ ಸುಮಾರು ಒಂಬತ್ತು ಮಂದಿ. ಪರೀಕ್ಷೆಯಲ್ಲಿ ನಿಜವಾದ ಅಲರ್ಜಿ ಕಂಡದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ, ಭೇದಿಯಾಗುವ ಮಕ್ಕಳ ವಿಷಯವೂ ಹೀಗೆಯೇ. ಅವರಲ್ಲಿ ಹೆಚ್ಚಿನವರಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಅದರಿಂದ ಸಂಕಟವಾಗುತ್ತದೆ, ಜೀವಕ್ಕೆ ಅಪಾಯವಿಲ್ಲ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವ ಮಗು ಬೇರೆ. ಅದಕ್ಕೆ ಒಂದು ಗುಟುಕು ಸಾಕು. ಶಾಲೆ ಇವೆರಡನ್ನೂ ಒಂದೇ ಎಂದುಕೊಂಡರೆ ಎರಡು ರೀತಿಯಲ್ಲಿ ತಪ್ಪುತ್ತದೆ. ಒಂದೋ ‘ಆಗಲ್ಲ’ ಎಂದ ಪ್ರತಿ ಮಗುವಿಗೂ ವಿನಾಕಾರಣ ಊಟ ತಪ್ಪುತ್ತದೆ, ಇಲ್ಲವೇ ‘ಎಲ್ಲರೂ ಹೀಗೇ ಹೇಳುತ್ತಾರೆ’ ಎಂದು ನಿಜವಾದ ರೋಗಿಯ ಮಾತೂ ಗಾಳಿಗೆ ಹೋಗುತ್ತದೆ. ಅದಕ್ಕೇ ವೈದ್ಯರ ಚೀಟಿ ಬೇಕು. ಯಾವ ಆಹಾರ, ಹಿಂದೆ ಏನಾಗಿತ್ತು, ಮತ್ತೆ ಆದರೆ ಏನು ಮಾಡಬೇಕು ಎಂದು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ಮಗುವಿನ ಫೋಟೊ ಸಮೇತ.

ಗಂಭೀರವಾದ ಅಲರ್ಜಿಗೆ ವೈದ್ಯರು ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಶಾಲೆಯಲ್ಲಿ ಅದು ಹೇಗೆ ಕಾಣುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ. ಗೆಳತಿಯ ಡಬ್ಬಿಯಿಂದ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯ ತುಣುಕೊಂದನ್ನು ಎರಡನೇ ತರಗತಿಯ ಹುಡುಗಿ ತಿನ್ನುತ್ತಾಳೆ. ಐದೇ ನಿಮಿಷದಲ್ಲಿ ಗಂಟಲು ಕೆರೆಯುತ್ತದೆ ಎನ್ನುತ್ತಾಳೆ, ಪದೇ ಪದೇ ಕೆಮ್ಮುತ್ತಾಳೆ. ‘ನೀರು ಕುಡಿ’ ಎನ್ನುತ್ತಾರೆ. ಕುತ್ತಿಗೆ, ಕೈಯ ಮೇಲೆ ಗಂದೆ ಏಳುತ್ತದೆ, ತುಟಿ ದಪ್ಪಗಾಗುತ್ತದೆ. ಒಮ್ಮೆ ವಾಂತಿ ಮಾಡಿಕೊಳ್ಳುತ್ತಾಳೆ. ‘ಪಿತ್ತ ಇರಬೇಕು’ ಎಂದು ಹಿಂದಿನ ಬೆಂಚಿನಲ್ಲಿ ಮಲಗಿಸುತ್ತಾರೆ. ದನಿ ಒಡೆಯುತ್ತದೆ, ಉಬ್ಬಸ ಶುರುವಾಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಯಾರೋ ಬೈಕ್ ತರುತ್ತಾರೆ, ಮಗುವನ್ನು ಇಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಡುತ್ತಾರೆ.

ಇದರಲ್ಲಿ ಯಾರೂ ಉದಾಸೀನ ಮಾಡಿಲ್ಲ. ಆದರೂ ಮಾಡಬೇಕಾದ್ದನ್ನು ಯಾರೂ ಮಾಡಿಲ್ಲ. ಚರ್ಮ, ಉಸಿರಾಟ, ಹೊಟ್ಟೆ, ರಕ್ತದೊತ್ತಡ ಇವುಗಳಲ್ಲಿ ಎರಡು ಕಡೆ ಒಟ್ಟಿಗೆ ಲಕ್ಷಣ ಕಂಡರೆ ಕಾಯುವಂತಿಲ್ಲ. ಇದಕ್ಕಿರುವ ಮೊದಲ ಔಷಧ ಅಡ್ರಿನಲಿನ್, ತೊಡೆಯ ಹೊರಭಾಗದ ನಡುಮಧ್ಯದ ಸ್ನಾಯುವಿಗೆ ಚುಚ್ಚಬೇಕು. ಪ್ರಮಾಣ ದೇಹದ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. ಚೇತರಿಕೆ ಕಾಣದಿದ್ದರೆ ಐದರಿಂದ ಹದಿನೈದು ನಿಮಿಷದೊಳಗೆ ಇನ್ನೊಮ್ಮೆ ಕೊಡಬಹುದು. ಎವಿಲ್, ಸೆಟ್ರಿಜಿನ್ ಮಾತ್ರೆಗಳು ತುರಿಕೆ, ಗಂದೆಯನ್ನು ತಗ್ಗಿಸುತ್ತವೆಯೇ ಹೊರತು ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ತೆರೆಯುವುದಿಲ್ಲ, ಕುಸಿಯುತ್ತಿರುವ ರಕ್ತದೊತ್ತಡವನ್ನು ಎತ್ತುವುದಿಲ್ಲ. ಮಾತ್ರೆ ಕೊಟ್ಟು ‘ನೋಡೋಣ’ ಎಂದು ಕಳೆಯುವ ಕಾಲು ಗಂಟೆಯಲ್ಲೇ ಜೀವ ಹೋಗಬಹುದು. ಮಗುವನ್ನು ಮಲಗಿಸಿ ಕಾಲು ಎತ್ತರಕ್ಕಿಡಬೇಕು. ಉಸಿರಾಡಲು ಕಷ್ಟವಾದರೆ ಕಾಲು ಚಾಚಿ ಕೂರಲಿ, ಆದರೆ ಎದ್ದು ನಿಲ್ಲುವುದು, ನಡೆಯುವುದು ಬೇಡ. ರಕ್ತದೊತ್ತಡ ಬಿದ್ದಾಗ ಥಟ್ಟನೆ ನಿಲ್ಲಿಸಿದರೆ ಹೃದಯವೇ ನಿಂತುಹೋಗಬಹುದು. 108ಕ್ಕೆ ಕರೆ ಮಾಡಬೇಕು. ಮಗು ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಏಕೆಂದರೆ ಕೆಲವು ಗಂಟೆಗಳ ನಂತರ ಎರಡನೇ ಸಲ ಬರಬಹುದು. ಅಸ್ತಮಾ ಇರುವ ಮಗುವಿಗಂತೂ ಅಪಾಯ ಇನ್ನೂ ಹೆಚ್ಚು.

ಹೊರದೇಶಗಳು ಈ ಪಾಠವನ್ನು ಮಕ್ಕಳನ್ನು ಕಳೆದುಕೊಂಡ ಮೇಲೆ ಕಲಿತವು. ಕೆನಡಾದ ಒಂಟಾರಿಯೊದಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ಶಾಲೆಯ ಕೆಫೆಟೇರಿಯಾದ ಆಲೂ ಫ್ರೈಸ್ ತಿಂದು 2003ರಲ್ಲಿ ತೀರಿಕೊಂಡಳು. ಆಲೂಗಡ್ಡೆಯಲ್ಲಿ ದೋಷವಿರಲಿಲ್ಲ. ಚೀಸ್ ಮುಟ್ಟಿದ್ದ ಇಕ್ಕಳದಿಂದಲೇ ಅದನ್ನೂ ಬಡಿಸಿದ್ದರೆಂದು ಶಂಕಿಸಲಾಯಿತು. ಅವಳ ಹೆಸರಿನ ‘ಸಬ್ರಿನಾ ಕಾಯ್ದೆ’ 2006ರ ಜನವರಿಯಿಂದ ಜಾರಿಗೆ ಬಂದು ಅಲ್ಲಿನ ಪ್ರತಿ ಶಾಲೆಗೂ ಅಲರ್ಜಿ ಯೋಜನೆ ಮತ್ತು ಸಿಬ್ಬಂದಿ ತರಬೇತಿಯನ್ನು ಕಡ್ಡಾಯ ಮಾಡಿತು. ಅಮೆರಿಕ 2013ರಲ್ಲಿ ಶಾಲೆಗಳು ಅಡ್ರಿನಲಿನ್ ಇಟ್ಟುಕೊಳ್ಳುವುದನ್ನು ಉತ್ತೇಜಿಸುವ ಕಾನೂನು ಮಾಡಿತು. ಬ್ರಿಟನ್ 2017ರ ಅಕ್ಟೋಬರ್‌ನಿಂದ ವೈದ್ಯರ ಚೀಟಿ ಇಲ್ಲದೆಯೂ ಶಾಲೆಗಳು ಅಡ್ರಿನಲಿನ್ ಪೆನ್ (ಔಷಧ ತುಂಬಿದ, ಒತ್ತಿದರೆ ಚುಚ್ಚುವ ಸಾಧನ) ಖರೀದಿಸಲು ಅವಕಾಶ ಕೊಟ್ಟಿತು. ಅದೇ ವರ್ಷದ ಬೇಸಿಗೆಯಲ್ಲಿ ಪಶ್ಚಿಮ ಲಂಡನ್ನಿನ ಶಾಲೆಯೊಂದರಲ್ಲಿ ಹಾಲಿಗೆ ಅಲರ್ಜಿ ಇದ್ದ ಹುಡುಗನ ಮೇಲೆ ಸಹಪಾಠಿಯೊಬ್ಬ ಚೀಸ್ ಚೂರು ಎಸೆದಿದ್ದ, ಅವನು ಉಳಿಯಲಿಲ್ಲ. ಶಾಲೆಯಲ್ಲಿ ಅವನ ಪೆನ್ ಇತ್ತು, ಆದರೆ ಅದರ ಅವಧಿ ಮುಗಿದು ತಿಂಗಳುಗಳಾಗಿದ್ದವು ಎಂದು ವಿಚಾರಣೆಯಲ್ಲಿ ಹೊರಬಂತು.

ಇಷ್ಟೆಲ್ಲ ಅನುಭವದ ನಂತರ ಅವರಿಗೆ ತಿಳಿದಿರುವ ಒಂದು ಮುಖ್ಯ ಸಂಗತಿ ನಮ್ಮ ಕೆಲವು ಖಾಸಗಿ ಶಾಲೆಗಳಿಗೆ ಇನ್ನೂ ತಲುಪಿಲ್ಲ. ‘ಇದು ಶೇಂಗಾಮುಕ್ತ ಶಾಲೆ’ ಎಂದು ಫಲಕ ಹಾಕಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. 2021ರಲ್ಲಿ ಅಂತಾರಾಷ್ಟ್ರೀಯ ತಜ್ಞರ ತಂಡವೊಂದು ಇದ್ದಬದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಇಡೀ ಶಾಲೆಯಲ್ಲಿ ಒಂದು ಆಹಾರವನ್ನು ನಿಷೇಧಿಸುವುದರಿಂದ ಪ್ರಯೋಜನವಾಗುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಅದರ ಸಲಹೆ ಸಿಬ್ಬಂದಿಗೆ ತರಬೇತಿ, ಮಗುವಿಗೊಂದು ತುರ್ತು ಯೋಜನೆ ಮತ್ತು ಯಾರಿಗಾದರೂ ಬಳಸಬಹುದಾದ ಅಡ್ರಿನಲಿನ್ ದಾಸ್ತಾನು. ‘ಯಾರಿಗಾದರೂ’ ಎಂಬುದು ಮುಖ್ಯ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಾಲೆಗಳಲ್ಲಿ ಅಡ್ರಿನಲಿನ್ ಪಡೆದವರ ಲೆಕ್ಕ ತೆಗೆದಾಗ ಸುಮಾರು ಕಾಲುಭಾಗದಷ್ಟು ಮಂದಿಗೆ ಅಲರ್ಜಿ ಇದೆಯೆಂದು ಅದಕ್ಕೆ ಮುಂಚೆ ಶಾಲೆಗೆ ಗೊತ್ತೇ ಇರಲಿಲ್ಲ. ಮನೆಮನೆಗೂ ವೈದ್ಯರಿರುವ ನಾಡಿನ ಕಥೆ ಇದು. ಅಲರ್ಜಿ ಪರೀಕ್ಷೆ ಎಂಬುದೇ ದೊಡ್ಡ ಊರುಗಳಿಗೆ ಸೀಮಿತವಾಗಿರುವ ನಮ್ಮಲ್ಲಿ ಬಹಳಷ್ಟು ಮಕ್ಕಳಿಗೆ ಮೊದಲ ರೋಗನಿರ್ಣಯವೇ ಮೊದಲ ಆಘಾತವಾಗಿರುತ್ತದೆ.

ನಿಷೇಧ ನಮ್ಮಲ್ಲಿ ಇನ್ನೂ ಕಷ್ಟ. ಉತ್ತರ ಕರ್ನಾಟಕದ ಡಬ್ಬಿಯಿಂದ ಶೇಂಗಾ ಹಿಂಡಿಯನ್ನು ತೆಗೆದರೆ ಉಳಿಯುವುದು ಒಣ ರೊಟ್ಟಿ. ಸಂಕ್ರಾಂತಿಯ ಮರುದಿನ ತರಗತಿಗೆ ಎಳ್ಳು–ಬೆಲ್ಲ ಬರದೆ ಇರುತ್ತದೆಯೇ? ಆ ಒಂದು ಪೊಟ್ಟಣದಲ್ಲಿ ಎಳ್ಳು, ಶೇಂಗಾ, ಹುರಿಗಡಲೆ ಮೂರೂ ಇರುತ್ತವೆ. ಎಳ್ಳಿನ ವಿಷಯದಲ್ಲಿ ನಮ್ಮ ಕಾನೂನೂ ಹಿಂದೆ ಉಳಿದಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಗೋಧಿಯಂಥ ಗ್ಲುಟೆನ್ ಧಾನ್ಯ, ಸಿಗಡಿ–ಏಡಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ ಜಾತಿಯ ಬೀಜಗಳು, ಸೋಯಾ ಮತ್ತು ನಿಗದಿತ ಮಟ್ಟ ಮೀರಿದ ಸಲ್ಫೈಟ್ ಇದ್ದರೆ ಹೇಳಲೇಬೇಕು. ಎಳ್ಳು, ಸಾಸಿವೆ ಆ ಪಟ್ಟಿಯಲ್ಲಿಲ್ಲ. ಯುರೋಪಿನಲ್ಲಿ ಎರಡೂ ಕಡ್ಡಾಯ, ಅಮೆರಿಕ 2023ರ ಜನವರಿಯಿಂದ ಎಳ್ಳನ್ನು ಸೇರಿಸಿತು. ಎಳ್ಳು, ಸಾಸಿವೆ ಇಷ್ಟೊಂದು ತಿನ್ನುವ ನಾವು ಅದನ್ನು ನಮೂದಿಸಲು ಹಿಂದೇಟು ಹಾಕುತ್ತಿರುವುದು ಸರಿಯಲ್ಲ. ಅದಿರಲಿ, ಹುಟ್ಟುಹಬ್ಬಕ್ಕೆ ಹಂಚುವ ಬಿಡಿ ಚಾಕೊಲೇಟಿನ ಮೇಲಾಗಲಿ, ಬೇಕರಿಯ ಕೇಕಿನ ಮೇಲಾಗಲಿ ಯಾವ ಲೇಬಲ್ಲೂ ಇರುವುದಿಲ್ಲ.

ಅಡುಗೆಮನೆಯ ಮಟ್ಟದಲ್ಲಿ ಮಾಡಬಹುದಾದ ಕೆಲಸ ಇದೆ, ಮತ್ತು ಅದು ದುಬಾರಿಯಲ್ಲ. ಬಿಸಿಯೂಟದ ಅಡುಗೆಯವರು ನೂರಿನ್ನೂರು ಮಕ್ಕಳಿಗೆ ಬಡಿಸುವ ಅವಸರದಲ್ಲಿ ಒಂದೇ ಸೌಟು ಎಲ್ಲದಕ್ಕೂ ಓಡಾಡುತ್ತದೆ. ಶೇಂಗಾ ಹಾಕಿದ ಚಿತ್ರಾನ್ನದಲ್ಲಿ ಆಡಿಸಿದ ಸೌಟೇ ಬಿಳಿ ಅನ್ನಕ್ಕೂ ಬೀಳುತ್ತದೆ. ಒಂದು ಮಗುವಿಗೆ ಮೊದಲೇ, ಬೇರೆ ಪಾತ್ರೆಯಿಂದ, ಬೇರೆ ಸೌಟಿನಲ್ಲಿ ಬಡಿಸಿಬಿಡುವುದು ಎರಡು ನಿಮಿಷದ ಕೆಲಸ. ಮೊಟ್ಟೆ ಸುಲಿದ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು, ಬರೀ ನೀರಿನಿಂದಾಗಲಿ ಸೆರಗಿನಿಂದಾಗಲಿ ಒರೆಸಿದರೆ ಪ್ರೋಟೀನು ಹೋಗುವುದಿಲ್ಲ. ಹ್ಯಾಂಡ್ ಸ್ಯಾನಿಟೈಜರ್ ಕೂಡ ಅದನ್ನು ತೆಗೆಯುವುದಿಲ್ಲ. ಇದನ್ನೆಲ್ಲ ಅಡುಗೆಯವರಿಗೆ ಹೇಳಬೇಕಾದ ರೀತಿಯೂ ಮುಖ್ಯ. ತಿಂಗಳಿಗೆ ಅಲ್ಪ ಗೌರವಧನಕ್ಕೆ ದುಡಿಯುವ ಆ ಹೆಂಗಸರಿಗೆ ಆದೇಶದ ಹಾಳೆ ಎಸೆದು ಹೋಗುವ ಬದಲು ‘ಈ ಹುಡುಗನಿಗೆ ಹಾಲು ತಾಗಿದರೆ ಉಸಿರು ಕಟ್ಟುತ್ತದೆ’ ಎಂದು ಹುಡುಗನನ್ನು ಎದುರಿಗೆ ನಿಲ್ಲಿಸಿ ಹೇಳಿದರೆ ಅವರು ಮರೆಯುವುದಿಲ್ಲ. ಹಾಗೆಂದು ಆ ಹುಡುಗನನ್ನು ಪಂಕ್ತಿಯಿಂದ ದೂರ, ಒಂಟಿಯಾಗಿ ಕೂರಿಸಬಾರದು. ಬೇರೆ ಪಂಕ್ತಿ, ಬೇರೆ ತಟ್ಟೆ ಎಂಬುದಕ್ಕೆ ನಮ್ಮ ಸಮಾಜದಲ್ಲಿ ಎಂಥ ಚರಿತ್ರೆ ಇದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲರ್ಜಿ ಇರುವ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಪಾಲು ಅದೇ ಕಾರಣಕ್ಕೆ ಸಹಪಾಠಿಗಳಿಂದ ಪೀಡನೆಗೆ ಒಳಗಾಗಿದ್ದರು.

ಈಗ ಔಷಧದ ವಿಚಾರಕ್ಕೆ ಬರೋಣ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಹೊರದೇಶದ ಮಕ್ಕಳ ಬ್ಯಾಗಿನಲ್ಲಿರುವ, ಒತ್ತಿದರೆ ತಾನೇ ಚುಚ್ಚುವ ಅಡ್ರಿನಲಿನ್ ಪೆನ್ ನಮ್ಮ ಔಷಧ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ತರಿಸಿಕೊಳ್ಳುವವರು ವಿದೇಶದಲ್ಲಿರುವ ನೆಂಟರನ್ನು ಕಾಡುತ್ತಾರೆ. ಆದರೆ ಅಡ್ರಿನಲಿನ್ ಎಂಬ ಔಷಧವೇ ಅಪರೂಪವಲ್ಲ. ಒಂದು ಮಿಲಿಲೀಟರ್‌ನಲ್ಲಿ ಒಂದು ಮಿಲಿಗ್ರಾಂ ಇರುವ ಪುಟ್ಟ ಗಾಜಿನ ಆಂಪೂಲ್ ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಅತ್ಯಂತ ಅಗ್ಗದ ಔಷಧಗಳಲ್ಲಿ ಒಂದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರುವಂಥದ್ದು. ಕೊರತೆ ಇರುವುದು ಆರೋಗ್ಯ ಕೇಂದ್ರದಿಂದ ಶಾಲೆಯವರೆಗಿನ ಮೂರೋ ನಾಲ್ಕೋ ಕಿಲೋಮೀಟರಿನಲ್ಲಿ.

ಆ ದೂರವನ್ನು ನಾವು ಒಮ್ಮೆ ದಾಟಿದ್ದೇವೆ. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕಾ ಅಭಿಯಾನ ದೇಶದಲ್ಲೇ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಲಕ್ಷಾಂತರ ಮಕ್ಕಳಿಗೆ ಶಾಲೆಯ ಕೋಣೆಗಳಲ್ಲೇ ಚುಚ್ಚಲಾಯಿತು. ಲಸಿಕೆಯಿಂದಲೂ ಅಪರೂಪಕ್ಕೆ ಅನಾಫಿಲ್ಯಾಕ್ಸಿಸ್ ಆಗಬಹುದು. ಅದಕ್ಕೆಂದು ಲಸಿಕಾ ತಂಡದ ಜೊತೆಗೆ ಒಂದು ಕಿಟ್ ಇರಬೇಕೆಂಬ ನಿಯಮವಿದೆ. ಅಡ್ರಿನಲಿನ್ ಆಂಪೂಲ್, ಸಿರಿಂಜ್, ಸೂಜಿ, ಯಾವ ವಯಸ್ಸಿಗೆ ಎಷ್ಟು ಎಂಬ ಪಟ್ಟಿ. ವೈದ್ಯರು ಬರುವ ತನಕ ಕಾಯದೆ ಮೊದಲ ಡೋಸ್ ಕೊಡಲು ಕಿರಿಯ ಆರೋಗ್ಯ ಸಹಾಯಕಿಯರಿಗೆ ಕೇಂದ್ರ ಆರೋಗ್ಯ ಇಲಾಖೆಯೇ ಅನುಮತಿ, ತರಬೇತಿ ಕೊಟ್ಟಿದೆ. ಅಂದರೆ ಪಠ್ಯ ಇದೆ, ಪಟ್ಟಿ ಇದೆ, ಔಷಧ ಇದೆ, ವೈದ್ಯರಲ್ಲದವರೂ ಇದನ್ನು ಮಾಡಬಲ್ಲರು ಎಂಬ ಒಪ್ಪಿಗೆಯೂ ಇದೆ. ಲಸಿಕೆಯ ದಿನ ಶಾಲೆಯೊಳಗೆ ಬರುವ ಆ ಕಿಟ್ ಸಂಜೆ ತಂಡದೊಂದಿಗೆ ವಾಪಸಾಗುತ್ತದೆ, ಊಟ ಮಾತ್ರ ದಿನವೂ ನಡೆಯುತ್ತದೆ.

ಕಿಟ್ ಅನ್ನು ಶಾಲೆಯಲ್ಲೇ ಇಡಲು ಏನು ಅಡ್ಡಿ? ಎರಡು ಅಡ್ಡಿಗಳಿವೆ, ಎರಡೂ ನಿಜವಾದವು. ಗಾಬರಿಯಲ್ಲಿ ಆಂಪೂಲ್ ಒಡೆದು, ಅಳತೆ ನೋಡಿ ಎಳೆದು, ಚುಚ್ಚುವುದು ಅಭ್ಯಾಸವಿಲ್ಲದವರಿಗೆ ಸುಲಭವಲ್ಲ. ಅದಕ್ಕೇ ಅಲರ್ಜಿ ಇದೆಯೆಂದು ಗೊತ್ತಿರುವ ಮಗುವಿನ ತಂದೆತಾಯಿಗೆ ಕೆಲವು ವೈದ್ಯರು ಮೊದಲೇ ಅಳತೆ ಮಾಡಿ ತುಂಬಿದ ಸಿರಿಂಜ್ ಕೊಡುತ್ತಾರೆ, ಬೆಳಕು ತಾಗದಂತೆ ಇಟ್ಟು ಇಂತಿಷ್ಟು ವಾರಕ್ಕೊಮ್ಮೆ ಬದಲಾಯಿಸಲು ಹೇಳುತ್ತಾರೆ. ಶಾಲೆಯ ಮಟ್ಟದಲ್ಲಾದರೆ ಇಬ್ಬರು ಶಿಕ್ಷಕರಿಗೆ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಕೈಯಾರೆ ಅಭ್ಯಾಸ ಮಾಡಿಸಬೇಕು, ಬರೀ ಪಿಪಿಟಿ ತೋರಿಸಿ ಕಳಿಸಿದರೆ ಆಗದು. ಎರಡನೆಯದು ಭಯ. ‘ನಾನು ಚುಚ್ಚಿದ ಮೇಲೆ ಮಗುವಿಗೆ ಏನಾದರೂ ಆದರೆ?’ ಈ ಪ್ರಶ್ನೆ ಕೇಳುವ ಶಿಕ್ಷಕಿಯನ್ನು ಹೇಡಿ ಎನ್ನಲಾರೆ. ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು ತುರ್ತಿನಲ್ಲಿ ಇನ್ನೊಬ್ಬರ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಕೊಡುತ್ತದೆ. ಆದರೆ ಮಗು ಕಣ್ಣೆದುರು ಏದುಸಿರು ಬಿಡುತ್ತಿರುವಾಗ ಯಾರೂ ಕಲಮು ನೆನೆಯುವುದಿಲ್ಲ. ತರಬೇತಿ ಪಡೆದ ಶಿಕ್ಷಕರು ಅಡ್ರಿನಲಿನ್ ಕೊಡಬಹುದು, ಕೊಟ್ಟದ್ದಕ್ಕೆ ಅವರ ಮೇಲೆ ಶಿಸ್ತುಕ್ರಮ ಇರುವುದಿಲ್ಲ ಎಂದು ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಜಂಟಿಯಾಗಿ ಹೊರಡಿಸುವ ಒಂದು ಪುಟದ ಸುತ್ತೋಲೆ ಇದಕ್ಕಿಂತ ಹೆಚ್ಚು ಧೈರ್ಯ ಕೊಡುತ್ತದೆ. ಸರಿಯಾದ ಪ್ರಮಾಣದಲ್ಲಿ ತೊಡೆಗೆ ಕೊಟ್ಟ ಅಡ್ರಿನಲಿನ್‌ನಿಂದ ಮಗುವಿಗೆ ಸ್ವಲ್ಪ ಹೊತ್ತು ಎದೆ ಬಡಿತ, ನಡುಕ ಇರುತ್ತದೆ, ಅಷ್ಟೆ. ಅನುಮಾನವಿದ್ದರೂ ಕೊಡುವುದೇ ಮೇಲು ಎಂದು ಮಾರ್ಗಸೂಚಿಗಳು ಹೇಳುವುದು ಅದಕ್ಕೇ.

ಮಕ್ಕಳನ್ನು ಗುರುತಿಸುವ ದಾರಿಯೂ ಹೊಸದಾಗಿ ಕಟ್ಟಬೇಕಿಲ್ಲ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬಂದು ಹಲ್ಲು, ಕಣ್ಣು, ಕಿವಿ, ಹೃದಯ ನೋಡುತ್ತದೆ. ಅದರ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಉಬ್ಬಸವಿದೆ, ಚರ್ಮರೋಗವಿದೆ, ಆಹಾರದ ಅಲರ್ಜಿ ಇಲ್ಲ. ‘ಏನಾದರೂ ತಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂದೆ ಎದ್ದು, ಜೊತೆಗೆ ವಾಂತಿ ಅಥವಾ ಉಬ್ಬಸ ಬಂದದ್ದಿದೆಯೇ?’ ಎಂಬ ಒಂದೇ ಪ್ರಶ್ನೆಯನ್ನು ಆ ತಪಾಸಣೆಗೂ ಜೂನ್ ತಿಂಗಳ ದಾಖಲಾತಿ ಅರ್ಜಿಗೂ ಸೇರಿಸಬಹುದು. ಹೌದು ಎಂದ ಮಕ್ಕಳನ್ನು ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ಕಳಿಸಿದರೆ ಸಾಕು. ಬೆಂಗಳೂರಿನ ಖಾಸಗಿ ಶಾಲೆಗಳ ದಾಖಲಾತಿ ಅರ್ಜಿಯಲ್ಲಿ ಅಲರ್ಜಿಯ ಅಂಕಣ ಸಾಮಾನ್ಯವಾಗಿ ಇರುತ್ತದೆ. ಅಲ್ಲಿನ ಸಮಸ್ಯೆ ಬೇರೆ. ಬರೆದ ಮಾಹಿತಿ ಆಫೀಸಿನ ಕಡತದಲ್ಲೇ ಉಳಿಯುತ್ತದೆ. ತರಗತಿಯ ಶಿಕ್ಷಕಿಗೆ, ಬಸ್ಸಿನ ಆಯಾಗೆ, ಪ್ರವಾಸಕ್ಕೆ ಜೊತೆಯಾಗುವ ಪಿ.ಟಿ. ಮೇಷ್ಟ್ರಿಗೆ ತಲುಪುವುದಿಲ್ಲ.

ತಂದೆತಾಯಂದಿರಿಗೂ ಒಂದು ಮಾತು. ಊಟ ನಿರಾಕರಿಸುವ ಹಕ್ಕನ್ನು ಮಗುವಿಗೆ ಚಿಕ್ಕಂದಿನಲ್ಲೇ ಕಲಿಸಿ. ದೊಡ್ಡವರು ಪ್ರೀತಿಯಿಂದ ಬಾಯಿಗಿಟ್ಟರೂ ‘ಬೇಡ, ನನಗೆ ಇದು ತಾಗಿದರೆ ಉಸಿರಾಡಲಾಗುವುದಿಲ್ಲ’ ಎಂದು ಹೇಳುವುದು ಅವಿಧೇಯತೆಯಲ್ಲ. ಶಾಲೆಗೆ ಹೋದಾಗ ಜಗಳಕ್ಕೆ ನಿಲ್ಲದೆ ಮೂರು ವಿಷಯ ಕೇಳಿ: ನನ್ನ ಮಗುವಿನ ಹಾಳೆ ಎಲ್ಲಿ ಅಂಟಿಸಿದ್ದೀರಿ, ಔಷಧ ಎಲ್ಲಿದೆ, ಇವತ್ತು ಆ ಶಿಕ್ಷಕಿ ರಜೆಯಲ್ಲಿದ್ದರೆ ಯಾರು ಕೊಡುತ್ತಾರೆ. ಔಷಧ ಬೀರುವಿನೊಳಗೆ ಬೀಗ ಹಾಕಿ, ಬೀಗದ ಕೈ ಮುಖ್ಯ ಶಿಕ್ಷಕರ ಜೇಬಿನಲ್ಲಿದ್ದರೆ ಅದು ಇದ್ದೂ ಇಲ್ಲದಂತೆ.

ಬಿಸಿಯೂಟ ಬಡಿಸುವ ಮುನ್ನ ಶಿಕ್ಷಕರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬ ನಿಯಮ ಈಗಾಗಲೇ ಇದೆ. ಅದೇ ಪುಸ್ತಕದಲ್ಲಿ ಇನ್ನೊಂದು ಅಂಕಣ ಎಳೆಯಬಹುದು: ಕಿಟ್ ಜಾಗದಲ್ಲಿದೆಯೇ, ಆಂಪೂಲ್‌ನ ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ. ತಿಂಗಳ ಮೊದಲ ಸೋಮವಾರ ನೋಡಿ ಬರೆದರಾಯಿತು. ಅವಧಿ ಮುಗಿಯುವ ಮುಂಚಿನ ತಿಂಗಳು ಆರೋಗ್ಯ ಕೇಂದ್ರದಿಂದ ಹೊಸದು ತರಿಸಿಕೊಳ್ಳುವ ಹೊಣೆ ಯಾರದು ಎಂಬುದನ್ನು ಹುದ್ದೆಯ ಹೆಸರಿನಲ್ಲಿ, ಸುತ್ತೋಲೆಯಲ್ಲೇ ಬರೆದಿರಬೇಕು.